ಕೆಳಗೆ ನಿಲ್ಲುವವನ ಎಣಿಕೆ

ಗೌರಿ ದಾಸ್ ಎಂಬ ಹುಡುಗಿಗೆ ಬರಬೇಕಾದ ಕೂಲಿ ಎರಡು ಸಾವಿರದ ನಾಲ್ಕು ನೂರು ರೂಪಾಯಿ. ದಿನಕ್ಕೆ ಆರು ನೂರರಂತೆ ನಾಲ್ಕು ದಿನದ್ದು. ಹನ್ನೊಂದು ತಿಂಗಳಾಯಿತು, ಒಂದು ಪೈಸೆ ಬಂದಿಲ್ಲ. ನಾಲ್ಕನೆಯ ದಿನ ಅವಳ ಬೆನ್ನು ಮುರಿಯಿತು. ಅದರ ಬೆಲೆ ಎಷ್ಟೆಂದು ಯಾರೂ ಹೇಳಿಲ್ಲ, ಯಾಕೆಂದರೆ ಮುರಿದವರು ಯಾರು ಅನ್ನುವುದೇ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗಬೇಕಾದರೆ ಒಬ್ಬ ಸಾಕ್ಷಿ ಬೇಕು. ನೋಡಿದವರು ಇನ್ನೂರು ಜನ. ಅವರಲ್ಲಿ ಒಬ್ಬನನ್ನು ಹುಡುಕಿಕೊಂಡು ಓಂಕಾರಪ್ಪ ಕೋಲ್ಕತ್ತ ತಿರುಗುತ್ತಿದ್ದಾನೆ.

ಓಂಕಾರಪ್ಪನ ಊರು ಲಕ್ಷ್ಮೇಶ್ವರದ ಹತ್ತಿರ. ಅಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಮಗ ಊರ ಗರಡಿಯಲ್ಲಿ ಮಲ್ಲಗಂಬ ಏರುತ್ತಿದ್ದ. ಎಣ್ಣೆ ಹಚ್ಚಿದ ಕಂಬದ ತುದಿಯಲ್ಲಿ ತಲೆಕೆಳಗಾಗಿ ನಿಂತ ಹುಡುಗನನ್ನು ನೋಡಿದ ರೈಲ್ವೆಯವರು ಆಟಗಾರರ ಕೋಟಾದಲ್ಲಿ ಹೌರಾಕ್ಕೆ ಕರೆದುಕೊಂಡು ಬಂದರು. ಅದು ಎಪ್ಪತ್ತೊಂಬತ್ತನೇ ಇಸವಿ. ನಾಲ್ಕು ವರ್ಷ ಜಿಮ್ನಾಸ್ಟಿಕ್ಸಿನಲ್ಲಿ ಪದಕ ತಂದ. ಐದನೆಯ ವರ್ಷ ಮೊಣಕಾಲು ಕೈಕೊಟ್ಟಿತು. ಅಲ್ಲಿಂದ ಮುಂದೆ ಬರೀ ವರ್ಕ್‌ಶಾಪಿನ ಖಲಾಸಿ, ಆಮೇಲೆ ಫಿಟ್ಟರ್. ಹೆಂಡತಿ ಕೋಕಿಲಾಳನ್ನು ಊರಿನಿಂದಲೇ ತಂದ. ಒಬ್ಬಳೇ ಮಗಳು, ಇಂಚರ, ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದಳು. ಅಪ್ಪನ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಅರ್ಧ.

ಮೊಣಕಾಲು ಹೋದವನು ಮೇಲೆ ಏರುವ ಹಾಗಿಲ್ಲ, ಕೆಳಗೆ ನಿಲ್ಲಬಹುದು. ಹೌರಾದಲ್ಲೇ ಇರುವ ಸಲ್ಕಿಯಾದ ಒಂದು ಓಣಿಯ ತಗಡಿನ ಸೂರಿನ ವ್ಯಾಯಾಮ ಕ್ಲಬ್ಬಿನಲ್ಲಿ ಓಂಕಾರಪ್ಪ ಇಪ್ಪತ್ತನಾಲ್ಕು ವರ್ಷ ಸಂಜೆ ಸಂಜೆ ಕೆಳಗೆ ನಿಂತ. ಅಲ್ಲಿಗೆ ಬರುತ್ತಿದ್ದವರು ಫೌಂಡ್ರಿ ಕೆಲಸಗಾರರ ಮಕ್ಕಳು, ಅದರಲ್ಲೂ ಹುಡುಗಿಯರು ಹೆಚ್ಚು. ಬಂಗಾಳಿಯಲ್ಲಿ ಚಿಕ್ಕಪ್ಪನಿಗೆ ಹೇಳುವ ಹಾಗೆ ಅವನನ್ನು 'ಕಾಕು' ಅನ್ನುತ್ತಿದ್ದರು. ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಗೋಪುರ ಕಟ್ಟುವುದು, ತುದಿಯಲ್ಲಿರುವವಳು ಹಲಗೆಯ ಹಾಗೆ ನೆಟ್ಟಗೆ ಹಿಂದಕ್ಕೆ ಬೀಳುವುದು, ಕೆಳಗಿರುವವನು ಹಿಡಿಯುವುದು. ನೋಡುವವರಿಗೆ ಕಾಣುವುದು ಮೇಲಿರುವವಳು. ಕೆಳಗಿರುವವನ ಮುಖ ಯಾವ ಫೋಟೋದಲ್ಲೂ ಬಂದದ್ದಿಲ್ಲ. ಅದರ ಬಗ್ಗೆ ಅವನಿಗೆ ತಕರಾರೂ ಇರಲಿಲ್ಲ.

ಅವನು ಕಲಿಸುತ್ತಿದ್ದದ್ದು ತನ್ನ ಗರಡಿಯ ವಸ್ತಾದಿ ಕಲಿಸಿದ್ದನ್ನೇ. ಕಣ್ಣು ಮೇಲೆ, ಕಿವಿ ಕೆಳಗೆ. ಬೀಳುವವಳು ಯಾವ ಕಾರಣಕ್ಕೂ ಕೆಳಗೆ ನೋಡಕೂಡದು. ನೋಡಿದರೆ ಮೈ ಮಡಚುತ್ತದೆ, ಮಡಚಿದ ಮೈಯನ್ನು ದೇವರೂ ಹಿಡಿಯಲಾರ. ಸೂರು ನೋಡುತ್ತ ನಿಲ್ಲಬೇಕು, ಕೆಳಗಿನವನ ಎಣಿಕೆ ಕೇಳಬೇಕು, ನಾಲ್ಕನೆಯದಕ್ಕೆ ಮೈ ಬಿಡಬೇಕು. 'ಒಂದು, ಎರಡು, ಮೂರು, ಹಾಂ.' ಮೂರರ ತನಕ ಓಂಕಾರಪ್ಪ ಗೋಪುರದ ಮುಂದೆ ನಿಂತು ಹುಡುಗಿಯ ಮೀನಖಂಡ ಹಿಡಿದಿರುತ್ತಾನೆ. ಮೂರು ಅನ್ನುತ್ತಲೇ ಹಿಂದಕ್ಕೆ ಸುತ್ತಿ ಬರುತ್ತಾನೆ. ಹಾಂ ಅನ್ನುವಾಗ ಕೈ ಚಾಚಿ ನಿಂತಿರುತ್ತಾನೆ. ಸಲ್ಕಿಯಾದಲ್ಲಿ ಮುನ್ನೂರು ಮಕ್ಕಳಿಗಾದರೂ ಈ ಎಣಿಕೆ ಬರುತ್ತದೆ. ಅವರಿಗೆ ಬರುವ ಕನ್ನಡ ಅಷ್ಟೇ.

ಗೌರಿ ಅವರಲ್ಲಿ ಒಬ್ಬಳು. ಹತ್ತೊಂಬತ್ತು ವರ್ಷ, ನಲವತ್ತೊಂದು ಕಿಲೋ. ಅಪ್ಪ ದುಡಿಯುತ್ತಿದ್ದ ಫೌಂಡ್ರಿ ಮುಚ್ಚಿತ್ತು; ಅಮ್ಮ ಎರಡು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಜಿಲ್ಲಾ ಮಟ್ಟದ ಒಂದು ಕಂಚಿನ ಪದಕ ಬಿಟ್ಟರೆ ಹುಡುಗಿಯ ಹತ್ತಿರ ಇದ್ದದ್ದು ಬಾಯಿ. ಓಂಕಾರಪ್ಪ ಬೈದರೆ, "ಕಾಕು, ಬಂಗಾಳಿಯಲ್ಲಿ ಬೈರಿ, ತಿರುಗಿ ಬೈಯಲಿಕ್ಕೆ ಅನುಕೂಲ ಆಗುತ್ತೆ" ಅನ್ನುವವಳು.

ಎರಡು ಸಾವಿರದ ಎಂಟನೇ ಇಸವಿ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕುಣಿಯುವ ಹುಡುಗಿಯರನ್ನು ದೇಶವೆಲ್ಲ ಟೀವಿಯಲ್ಲಿ ನೋಡಿ ಬಾಯಿ ಚಪ್ಪರಿಸಿತ್ತು, ಬೈದೂ ಇತ್ತು. ಆಗಸ್ಟಿನಲ್ಲಿ ಅದೇ ಕಸುಬಿನ ಒಂದು ಅಮೆರಿಕನ್ ಸಿನೆಮಾ ಬಂತು. ಶಾಲೆ ಶಾಲೆಗಳ ಚಿಯರ್‌ಲೀಡಿಂಗ್ ತಂಡಗಳು ಸ್ಪರ್ಧೆಗೆ ಬೀಳುವ ಕಥೆ. ಬೇರೆ ಕಾಲವಾಗಿದ್ದರೆ ಮೂರು ದಿನ ಓಡಿ ಹೋಗುತ್ತಿತ್ತೇನೋ. ಆದರೆ ಕಂಪನಿಗಳು ತಮ್ಮತಮ್ಮಲ್ಲಿ ಕ್ರಿಕೆಟ್ ಪಂದ್ಯ ಇಟ್ಟುಕೊಂಡಿದ್ದವು, ಒಂದೊಂದು ಕಂಪನಿಗೂ ಒಂದೊಂದು ಚಿಯರ್ ತಂಡ ಎಂದು ತೀರ್ಮಾನವಾಗಿತ್ತು. ಟಿಕೆಟ್ಟನ್ನು ಸಗಟಾಗಿ ಕೊಂಡು ಹುಡುಗ ಹುಡುಗಿಯರನ್ನು ಬಸ್ಸಿನಲ್ಲಿ ತುಂಬಿ ಕಳಿಸಿದರು. ಅಲ್ಲೇ ಕೆಲಸಕ್ಕೆ ಸೇರಿದ್ದ ಇಂಚರಳ ಕಂಪನಿಯೂ ಕಳಿಸಿತು.

ಮಿಹಿರ್ ಎಂಬವನು ಕ್ಲಬ್ಬಿಗೆ ಬಂದದ್ದು ಆಗಲೇ. ಈವೆಂಟ್ ಕಂಪನಿಯವನು, ಮೂವತ್ತರ ಆಸುಪಾಸು, ಕುತ್ತಿಗೆಯಲ್ಲಿ ಎರಡು ಮೊಬೈಲು. ಸಿನೆಮಾ ಬಿಟ್ಟ ತಕ್ಷಣ ಸಾಲ್ಟ್ ಲೇಕಿನ ಮಾಲಿನ ಹಜಾರದಲ್ಲಿ ಆರು ಹುಡುಗಿಯರು ಗೋಪುರ ಕಟ್ಟಬೇಕು, ಒಬ್ಬಳು ಬೀಳಬೇಕು. ಎರಡು ಶನಿವಾರ, ಎರಡು ಭಾನುವಾರ.

"ಕಾಗದ ಪತ್ರ?" ಓಂಕಾರಪ್ಪ ಕೇಳಿದ.

"ದಾದಾ, ನಾಲ್ಕು ದಿನದ ಕೆಲಸಕ್ಕೆ ಎಂಥ ಕಾಗದ? ಆರು ಹುಡುಗಿಯರ ಹೆಸರು ಬರೆದುಕೊಂಡಿದ್ದೇನೆ. ಕೊನೆಯ ದಿನ ಕೈಗೆ ಕೈ."

"ಕೆಳಗೆ ನಿಲ್ಲುವವನ ಹೆಸರು?"

"ನೀವು ಕುಣಿಯಲ್ಲವಲ್ಲ ದಾದಾ. ನಿಮಗೆ ಊಟ, ಬಸ್ ಚಾರ್ಜು."

ಓಂಕಾರಪ್ಪ ಒಪ್ಪಿಕೊಂಡ. ಕೋಕಿಲಾ ಮಾತ್ರ ಅಂದು ಸಂಜೆ ರೊಟ್ಟಿ ಬಡಿಯುತ್ತ ಅಂದಳು: "ಪಟ್ಟ್ಯಾಗ ಹೆಸರಿಲ್ಲದಾಂವ ಅಲ್ಲಿ ಇದ್ದಂಗ ಅಲ್ರಿ. ಏನರ ಆದ್ರ ನೀವು ಇದ್ರಿ ಅಂತ ಯಾಂವ ಹೇಳ್ತಾನ?"

"ಏನ್ ಆಗ್ತದ? ಇಪ್ಪತ್ನಾಕು ವರ್ಷದಾಗ ಒಂದು ಕೂಸರ ನೆಲಕ್ಕ ಬಿದ್ದತೇನ?"

ಮೊದಲ ದಿನ ಮಿಹಿರ್ ತಂಡವನ್ನು ಪುಕ್ಕಟೆಯಾಗಿ ಒಳಗೆ ಬಿಟ್ಟ. ಹಿಂದಿನ ಮೆಟ್ಟಿಲ ಮೇಲೆ ಕೂತು ಸಿನೆಮಾ ನೋಡಿದರು. ಪರದೆಗಿಂತ ಕುರ್ಚಿಗಳಲ್ಲಿದ್ದವರನ್ನು ನೋಡುವುದೇ ಹೆಚ್ಚಾಯಿತು. ಆಫೀಸಿನ ಪ್ರಿಂಟರ್ ಕಾಗದವನ್ನು ಸಣ್ಣಗೆ ಸೀಳಿ ಮಾಡಿದ ಗೊಂಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು. ಪರದೆಯ ಮೇಲಿನ ಕೋಚ್ ತಂಡಕ್ಕೆ ತಾಳ ಕೊಟ್ಟಾಗ ಇಡೀ ಥಿಯೇಟರು ಚಪ್ಪಾಳೆಯೊಂದಿಗೆ ಕೂಗುತ್ತಿತ್ತು: ಫೈವ್, ಸಿಕ್ಸ್, ಸೆವೆನ್, ಎಯ್ಟ್. ಮಧ್ಯಂತರ ಮುಗಿದ ಮೇಲೆ ನಾಯಕಿ ಎತ್ತರದಿಂದ ಬೀಳುತ್ತಾಳೆ. ಥಿಯೇಟರು ಉಸಿರು ಹಿಡಿಯುತ್ತದೆ. ಸ್ಟ್ರೆಚರಿನ ಮೇಲೆ ಹೊತ್ತೊಯ್ಯುವಾಗ ಅವಳು ಹೆಬ್ಬೆರಳು ಎತ್ತಿ ತೋರಿಸುತ್ತಾಳೆ. ಆಗ ಎಲ್ಲರೂ ಎದ್ದು ನಿಂತು ಕಿರುಚಿದರು. ಕೆಲವರು ಅತ್ತರು. ಮುಂದಿನ ಸಾಲಿನ ಒಬ್ಬ ತನ್ನ ಹೆಬ್ಬೆರಳನ್ನೂ ಎತ್ತಿ ಪರದೆಗೆ ತೋರಿಸಿದ.

ಗೌರಿ ಅಳಲಿಲ್ಲ. "ಕಾಕು, ನೆಲ ನೋಡಿದ್ರಾ? ಅವಳು ಬಿದ್ದದ್ದು ಗೇಣು ದಪ್ಪದ ಗಾದಿ ಮೇಲೆ. ನಮ್ಮ ಮನೆಯಲ್ಲಿ ಮಲಗಲಿಕ್ಕೂ ಅಂಥಾದ್ದಿಲ್ಲ."

ಅವರ ಹತ್ತಿರವೂ ಗಾದಿ ಇತ್ತು. ಕ್ಲಬ್ಬಿನದು, ತೆಂಗಿನ ನಾರು ತುಂಬಿದ್ದು, ಎರಡು ಕಡೆ ಹರಿದು ಹೊಲಿದದ್ದು. ಮೊದಲ ಶನಿವಾರ, ಭಾನುವಾರ ಅದನ್ನು ಟೆಂಪೋದಲ್ಲಿ ತಂದು ಹಾಸಿದ್ದರು. ಎರಡನೆಯ ಶನಿವಾರ ಬಂದಾಗ ಹಜಾರದ ಅಮೃತಶಿಲೆಯ ನೆಲದ ಮೇಲೆ ಹೊಳೆಯುವ ಸ್ಟಿಕ್ಕರು ಅಂಟಿಸಿತ್ತು. ಒಂದು ಮೊಬೈಲ್ ಕಂಪನಿಯದು, ಬಾವಿಯಷ್ಟು ಅಗಲ. ಗೋಪುರ ಅದರ ನಟ್ಟನಡುವೆ ಏಳಬೇಕು, ಫೋಟೋದಲ್ಲಿ ಅದು ಕಾಣಬೇಕು.

"ಗಾದಿ ತೆಗೀರಿ ದಾದಾ."

"ಆಗೋದಿಲ್ಲ."

"ಹಾಗಾದರೆ ಬೆಹಾಲಾದಲ್ಲಿ ಇನ್ನೊಂದು ಕ್ಲಬ್ ಇದೆ. ಅವರಿಗೆ ಗಾದಿಯೇ ಇಲ್ಲ, ಕೇಳೋದೂ ಇಲ್ಲ."

ಆರು ಹುಡುಗಿಯರು ಓಂಕಾರಪ್ಪನ ಮುಖ ನೋಡಿದರು. ಎರಡು ದಿನದ ಕೂಲಿ ಬರಬೇಕಿತ್ತು, ಇನ್ನೆರಡು ದಿನದ್ದು ಕಣ್ಣೆದುರಿತ್ತು. ಅವನು ತನ್ನ ಎರಡು ಕೈ ನೋಡಿಕೊಂಡ. ಗಾದಿಯನ್ನು ಸುತ್ತಿ ಕಂಬಕ್ಕೆ ಒರಗಿಸಿದ.

ಇದು ಓಂಕಾರಪ್ಪನ ತಪ್ಪು. ಅವನು ಅದನ್ನು ಮುಚ್ಚಿಟ್ಟಿಲ್ಲ. ಕಾರ್ಮಿಕ ಕಚೇರಿಯ ಅಧಿಕಾರಿಯ ಮುಂದೆ ಹೇಳಿ, ಬರೆಸಿ, ಕೆಳಗೆ ರುಜು ಹಾಕಿದ್ದಾನೆ. ತನ್ನ ತಪ್ಪನ್ನು ಕಾಗದದ ಮೇಲೆ ತಂದವನು ಈ ಇಡೀ ವ್ಯವಹಾರದಲ್ಲಿ ಅವನೊಬ್ಬನೇ.

ಶನಿವಾರ ಸಲೀಸಾಗಿ ಕಳೆಯಿತು. ಭಾನುವಾರ, ಆಗಸ್ಟ್ ಇಪ್ಪತ್ತನಾಲ್ಕು, ಸಂಜೆ ಆಟಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ಎರಡನೆಯ ಸಲ, ಮೂರನೆಯ ಸಲ ಬಂದವರು. ನಟಿ ಬಾಯಿ ತೆರೆಯುವ ಮೊದಲೇ ಇವರು ಮಾತು ಹೇಳಿ ಮುಗಿಸುತ್ತಿದ್ದರು. ಬಾಗಿಲು ತೆರೆದಾಗ ಇನ್ನೂರು ಜನ ಕುಣಿಯುತ್ತಲೇ ಹಜಾರಕ್ಕೆ ಬಂದರು, ಗೊಂಡೆಯ ಕಾಗದ ಉದುರಿಸುತ್ತ. ಅವರಲ್ಲಿ ಇಂಚರ ಇದ್ದಳು. ಗೋಪುರದ ಕೆಳಗೆ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿ ನಿಂತವನು ನನ್ನ ಅಪ್ಪ ಎಂದು ಅವಳು ಗೆಳೆಯರಿಗೆ ಹೇಳಿರಲಿಲ್ಲ.

ಗೋಪುರ ಎದ್ದಿತು. ಗೌರಿ ತುದಿಗೆ ಏರಿ, ತೋಳು ಚಾಚಿ, ಗಾಜಿನ ಸೂರಿಗೆ ಕಣ್ಣು ನೆಟ್ಟಳು. ಓಂಕಾರಪ್ಪ ಮುಂದೆ ನಿಂತು ಅವಳ ಕಾಲು ಹಿಡಿದು ಅಂದ: "ಒಂದು."

ಮಿಹಿರನ ಕೈಯಲ್ಲಿ ಮೈಕಿತ್ತು. ಆ ಜೋಶ್ ನೋಡಿ ಅವನಿಗೆ ತಡೆಯಲಾಗಲಿಲ್ಲ. "ಕಮಾನ್ ಕೋಲ್ಕತ್ತ, ಎಲ್ಲರೂ ನನ್ನ ಜೊತೆ, ಫೈವ್..."

ಇನ್ನೂರು ಗಂಟಲು, ನಾನೂರು ಕೈ. ಫೈವ್, ಸಿಕ್ಸ್, ಸೆವೆನ್, ಎಯ್ಟ್. ನಾಲ್ಕು ಪೆಟ್ಟು. ಓಂಕಾರಪ್ಪ ಇನ್ನೂ ಎರಡರಲ್ಲಿದ್ದ. ತನ್ನ ದನಿ ತನಗೇ ಕೇಳಲಿಲ್ಲ. ಕೂಗಿದ, ಅದೂ ಕೇಳಲಿಲ್ಲ. ಮೇಲೆ ನಿಂತ ಹುಡುಗಿ ಇಪ್ಪತ್ತನಾಲ್ಕು ವರ್ಷದ ಪಾಠವನ್ನು ಒಂದು ಕೂದಲೂ ತಪ್ಪದೆ ಪಾಲಿಸಿದಳು. ಕೆಳಗೆ ನೋಡಲಿಲ್ಲ. ಕಿವಿಗೆ ಬಿದ್ದ ನಾಲ್ಕನೆಯ ಪೆಟ್ಟಿಗೆ ಮೈ ಬಿಟ್ಟಳು. ಅವನ ಮುಷ್ಟಿಯಿಂದ ಅವಳ ಕಾಲು ಜಾರಿತು. ಹಿಂದೆ ಯಾರೂ ಇರಲಿಲ್ಲ.

ಸದ್ದು ದೊಡ್ಡದೇನೂ ಆಗಲಿಲ್ಲ. ಸ್ಟಿಕ್ಕರಿನ ಮೇಲೆ ಬಿದ್ದಳು.

ಜನ ಉಸಿರು ಹಿಡಿದರು. ಒಳಗೆ ಹೇಗೆ ಹಿಡಿದಿದ್ದರೋ ಹಾಗೆ. ಗೌರಿಯ ಬಲಗೈ ನೆಲದಿಂದ ಒಂದು ಮೊಳ ಮೇಲೆದ್ದು ಏನನ್ನೋ ಹುಡುಕಿತು. ಅಷ್ಟೇ ಸಾಕಾಯಿತು. ಹಜಾರ ಕಿತ್ತುಹೋಗುವ ಹಾಗೆ ಚಪ್ಪಾಳೆ, ಸಿಳ್ಳೆ. ಬಗ್ಗಿ ಅವಳ ಮುಖಕ್ಕೆ ಹೆಬ್ಬೆರಳು ತೋರಿಸಿದವರೂ ಇದ್ದರು. ಮೊಬೈಲುಗಳು ಮೇಲೆ ಹೋದವು. ಓಂಕಾರಪ್ಪ ಮೊಣಕಾಲೂರಿ "ಮುಟ್ಟಬ್ಯಾಡ್ರಿ, ಎತ್ತಬ್ಯಾಡ್ರಿ" ಎಂದು ಕನ್ನಡದಲ್ಲಿ ಅರಚುತ್ತಿದ್ದ. ಅಲ್ಲಿ ಅದು ತಿಳಿದದ್ದು ಇಬ್ಬರಿಗೆ. ಒಬ್ಬಳು ಇಂಚರ. ಅವಳ ಕೈಯ ಗೊಂಡೆ ಇನ್ನೂ ಮೇಲೆಯೇ ಇತ್ತು.

ಗೌರಿ ಸರ್ಕಾರಿ ಆಸ್ಪತ್ರೆಯಲ್ಲಿ ನಲವತ್ತು ದಿನ ಇದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದರು. ಮಿಹಿರ್ ಒಮ್ಮೆ ಹಣ್ಣು ತಂದುಕೊಟ್ಟು ಹೋದ. ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬ್ಯಾಂಕು ಮುಳುಗಿತು. ಅದಕ್ಕೂ ಸಲ್ಕಿಯಾದ ಹುಡುಗಿಯ ಕೂಲಿಗೂ ಏನು ಸಂಬಂಧ ಎಂದು ಕೇಳಬೇಡಿ. ಓಂಕಾರಪ್ಪ ಹೋದಾಗಲೆಲ್ಲ ಸೆಕ್ಟರ್ ಫೈವ್‌ನ ಮಿಹಿರನ ಆಫೀಸಿನಲ್ಲಿ ಅದನ್ನೇ ಹೇಳಿದರು. ಕಾರ್ಮಿಕ ಕಚೇರಿಗೆ ದೂರು ಕೊಟ್ಟ ಮೇಲೆ ಕಂಪನಿಯ ವಕೀಲರ ಕಾಗದ ಬಂತು. ಹುಡುಗಿ ತನ್ನ ಅವಸರಕ್ಕೆ ತಾನೇ ಬಿದ್ದಳು. ಎಣಿಸಿದ್ದು ಪ್ರೇಕ್ಷಕರು, ತಮ್ಮಷ್ಟಕ್ಕೆ ತಾವೇ. ಕಂಪನಿಯವರು ಯಾರೂ ಎಣಿಸಲಿಲ್ಲ, ಮೈಕು ಆಗ ಬಂದ್ ಆಗಿತ್ತು. ಹಿಡಿಯುವವನು ಎಂದು ಹೇಳಿಕೊಳ್ಳುವ ಓಂಕಾರಪ್ಪ ಎಂಬ ಹೆಸರು ಪಟ್ಟಿಯಲ್ಲೇ ಇಲ್ಲ.

ಕಾಗದ ಓದಿ ಹೇಳಿದವಳು ಇಂಚರ. ಕೋಕಿಲಾ ಹಾಗೇ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಕುಕ್ಕುವ ಸದ್ದು ಬಂತು.

"ಅಪ್ಪಾ," ಇಂಚರ ಅಂದಳು, "ಮೈಕ್ ಆನ್ ಇತ್ತು. ನಾನು ಕೇಳಿದೀನಿ. ಅವನೇ ಸ್ಟಾರ್ಟ್ ಮಾಡಿದ್ದು. ನಾವ್ ಸಬ್ ಲೋಗ್ ಆಮೇಲೆ."

"ನೀನೂ ಎಣಿಸಿದೇನು?"

ಅವಳು ಕಾಗದ ಮಡಚತೊಡಗಿದಳು.

"ಎಣಿಸಿದೇನು ಅಂತ ಕೇಳೀನಿ."

"ಹೂಂ."

"ಕಚೇರಿಗೆ ಬರದು ಕೊಡು. ಹಂಗಂತನೂ ಬರಿ ಅದ್ರಾಗ."

ಬರೆದಳು. ಕಾರ್ಮಿಕ ಕಚೇರಿಯ ಅಧಿಕಾರಿ ಓದಿ ಪಕ್ಕಕ್ಕಿಟ್ಟ. ಮಗಳ ಮಾತು ಅಪ್ಪನ ಮಾತೇ. ಸಂಬಂಧವಿಲ್ಲದ ಸಾಕ್ಷಿ ತನ್ನಿ, ಇಲ್ಲವೇ ಮೈಕಿನ ದನಿ ಇರುವ ವಿಡಿಯೋ ತನ್ನಿ ಎಂದ. ಅಂದು ಹಜಾರದಲ್ಲಿ ನೂರು ಮೊಬೈಲಾದರೂ ಓಡಿದ್ದವು. ಆ ತುಣುಕು ಬ್ಲೂಟೂತಿನಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ ಇಡೀ ಸೆಕ್ಟರ್ ಫೈವ್ ತಿರುಗಿತ್ತು. ಆದರೆ ಹಾಗೆ ತಿರುಗಿದ್ದು ಬಿದ್ದ ಮೇಲಿನದು ಮಾತ್ರ, ಕೈ ಎದ್ದದ್ದು, ಚಪ್ಪಾಳೆ. ಬೀಳುವ ಮೊದಲಿನದು ಯಾರಿಗೂ ಬೇಕಿರಲಿಲ್ಲ, ಕತ್ತರಿಸಿ ಬಿಸಾಡಿದ್ದರು.

ಪೂರ್ತಿ ಇದ್ದದ್ದು ನಿತಿನ್ ಎಂಬವನ ಫೋನಿನಲ್ಲಿ. ಬೆಂಗಳೂರಿನವನು, ಬಸವನಗುಡಿ. ಇಂಚರಳ ಆಫೀಸಿನಲ್ಲೇ ಕೆಲಸ. ಅಂದು ಹಜಾರದಲ್ಲಿ ಕನ್ನಡ ತಿಳಿದ ಇನ್ನೊಬ್ಬ ಇವನೇ. ಪಾರ್ಕ್ ಸ್ಟ್ರೀಟಿನ ಒಂದು ಕಾಫಿ ಅಂಗಡಿಗೆ ಬರಹೇಳಿದ. ಓಂಕಾರಪ್ಪ ಹೌರಾದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ, ಡ್ಯೂಟಿಯ ಖಾಕಿಯಲ್ಲೇ.

ಹುಡುಗ ಒಳ್ಳೆಯವನೇ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಇಯರ್‌ಫೋನನ್ನು ಇವನ ಕಿವಿಗೆ ತಾನೇ ಇಟ್ಟ. ಓಂಕಾರಪ್ಪ ಕೇಳಿದ. ಎಲ್ಲಕ್ಕಿಂತ ಕೆಳಗೆ, ಬಾವಿಯ ತಳದಿಂದ ಬಂದ ಹಾಗೆ, ತನ್ನದೇ ದನಿ: ಒಂದು. ಅದರ ಮೇಲೆ ಮಿಹಿರನ ಮೈಕು, ಸ್ಪಷ್ಟವಾಗಿ. ಅದರ ಮೇಲೆ ಜನ. ಮತ್ತೆ ತನ್ನ ದನಿ: ಎರಡು. ಆಮೇಲೆ ಅವನು ಇಯರ್‌ಫೋನ್ ಕಿತ್ತಿಟ್ಟ.

"ಇದನ್ನ ಕೊಡಪಾ ತಮ್ಮಾ."

"ಅಂಕಲ್, ನೀವು ಬೇಜಾರ್ ಮಾಡ್ಕೋಬಾರ್ದು. ಟಿಕೆಟ್ ನಮ್ ಕಂಪನಿದು, ಆ ಈವೆಂಟ್‌ನವ್ರು ನಮ್ ವೆಂಡರು. ಈಗ ನಮ್ ಫ್ಲೋರಲ್ಲೇ ವಾರಕ್ಕೆ ಎಂಟು ಜನನ್ನ ತೆಗೀತಿದಾರೆ. ನನ್ನ ಹೆಸರು ಹೊರಗ್ ಬಂದ್ರೆ ಮುಗೀತು."

"ಹೆಸರು ಬ್ಯಾಡ. ಆ ತುಣುಕಷ್ಟ ಕೊಡು."

"ಯಾರು ತೆಗ್ದಿದ್ದು ಅಂತ ಕೇಳೇ ಕೇಳ್ತಾರಲ್ಲ ಅಂಕಲ್?"

"ಕೇಳ್ತಾರ."

ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ. "ನಿಜ ಹೇಳ್ಬೇಕಂದ್ರೆ ಅವತ್ತು ನಾವೆಲ್ಲ ಅದು ಶೋನಲ್ಲೇ ಇದೆ ಅಂದ್ಕೊಂಡ್ವಿ. ಸಿನಿಮಾದಲ್ಲೂ ಬೀಳ್ತಾಳಲ್ಲ."

"ಮತ್ತ, ಸಿನೆಮಾದಾಕಿ ಈಗ ಹೆಂಗದಾಳಂತ?"

ನಿತಿನ್ ಕಾಫಿಯ ದುಡ್ಡು ಕೊಟ್ಟ, ಇನ್ನೆರಡು ದಿನ ಟೈಮ್ ಕೊಡಿ ಅಂದ. ವಾರದ ಮೇಲೆ ಇಂಚರ ಸುದ್ದಿ ತಂದಳು: ಅವನು ಪುಣೆಗೆ ವರ್ಗ ಮಾಡಿಸಿಕೊಂಡಿದ್ದಾನೆ, ಫೋನ್ ಬದಲಾಯಿಸಿದ್ದಾನೆ, ಹಳೆಯದರಲ್ಲಿ ಇದ್ದದ್ದು ಅಳಿಸಿಹೋಯಿತಂತೆ. ಮರುತಿಂಗಳು ತೆಗೆದವರ ಪಟ್ಟಿಯಲ್ಲಿ ಇಂಚರಳ ಹೆಸರಿತ್ತು. ಕಾರಣ ಬರೆದಿರಲಿಲ್ಲ. ಈಗ ಗರಿಯಾಹಾಟಿನ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ.

ಓಂಕಾರಪ್ಪ ಈಗ ಕ್ಲಬ್ಬಿನಲ್ಲಿ ಕಲಿಸುವುದಿಲ್ಲ. ಡ್ಯೂಟಿ ಮುಗಿದ ಮೇಲೆ ನೆಟ್ಟಗೆ ಗೌರಿಯ ಮನೆಗೆ ಹೋಗುತ್ತಾನೆ. ಅವಳನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಸಂಜೆಯ ಪಾಳಿ ಅವನದು. ಒಮ್ಮೆ ಹುಣ್ಣಾಗಿತ್ತು, ಎರಡು ತಿಂಗಳು ನಾರಿತು. ಆ ವಾಸನೆಯಲ್ಲೇ ಅವಳಮ್ಮ ಅನ್ನ ಮಾಡುತ್ತಿದ್ದಳು. ಹೊರಳಿಸುವಾಗ ಎಣಿಸಬೇಕಾಗುತ್ತದೆ, ಅವಳಮ್ಮನೂ ಇವನೂ ಒಟ್ಟಿಗೆ ಎತ್ತಲಿಕ್ಕೆ. ಮೊದಲ ದಿನ ಬಾಯಿಗೆ ಒಂದು, ಎರಡು ಬಂತು. ಅಲ್ಲೇ ನಿಲ್ಲಿಸಿದ.

"ಎಣಿಸಿ ಕಾಕು," ಗೌರಿ ಗೋಡೆ ನೋಡುತ್ತ ಅಂದಳು. "ಈಗೆಲ್ಲಿಗೆ ಬೀಳಲಿ?"

ಕಳೆದ ತಿಂಗಳು ಅವಳ ತಮ್ಮ ಆ ಸಿನೆಮಾದ ಕಳ್ಳ ಸೀಡಿ ತಂದ. ನೋಡುತ್ತೇನೆ ಅಂದಳು, ಹಟ ಹಿಡಿದು ನೋಡಿದಳು. ಸ್ಟ್ರೆಚರಿನ ಜಾಗಕ್ಕೆ ಬಂದಾಗ ನಿಲ್ಲಿಸಲು ಹೇಳಿದಳು. ಪರದೆಯಲ್ಲಿ ಹೆಬ್ಬೆರಳು ಹಾಗೇ ನಿಂತಿತ್ತು.

"ಕಾಕು, ನಾನು ಅವತ್ತು ಕೈ ಎತ್ತಿದ್ದು ನಿಮ್ಮನ್ನ ಹಿಡಿಯಲಿಕ್ಕೆ. ಕಚೇರಿಯಲ್ಲಿ ಅದನ್ನ ಹೇಳಿದ್ರಾ?"

"ಹೇಳಿದ್ದೇನೆ."

"ಏನಂದರು?"

"ಮತ್ಯಾರು ನೋಡಿದಾರೆ ಅಂತ ಕೇಳಿದರು."

ಇನ್ನೂರು ಜನ ನೋಡಿದ್ದಾರೆ. ಓಂಕಾರಪ್ಪ ಈತನಕ ಮೂವತ್ತೊಂದು ಮಂದಿಯ ಮನೆ, ಆಫೀಸು ಹತ್ತಿದ್ದಾನೆ. ಟೀ ಕೊಟ್ಟರು. ಪಾಪ ಅಂದರು. ಇಬ್ಬರು ನೂರರ ನೋಟು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ಒಬ್ಬಳು ಬಾಗಿಲಲ್ಲೇ ಅತ್ತಳು, ರುಜು ಹಾಕಲಿಲ್ಲ.

ಕೋಲ್ಕತ್ತದ ಕಂಪನಿಗಳಲ್ಲಿ ದುಡಿಯುವ, ದುಡಿದು ಈಗ ಬೆಂಗಳೂರಿಗೋ ಪುಣೆಗೋ ಹೋಗಿರುವ ಕನ್ನಡದವರು ಇದನ್ನು ಓದುತ್ತಿರಬಹುದು. ಅಂದು ಸಾಲ್ಟ್ ಲೇಕಿನ ಆ ಹಜಾರದಲ್ಲಿ ನೀವಿದ್ದರೆ, ಹಳೆಯ ಫೋನನ್ನು ಕಪಾಟಿನಿಂದ ತೆಗೆದು ಚಾರ್ಜಿಗೆ ಹಾಕಿ. ಬೀಳುವ ಮೊದಲಿನ ಭಾಗ ನೋಡಿ. ಮೈಕಿನ ದನಿಯ ಕೆಳಗೆ ಒಬ್ಬ ಕನ್ನಡದಲ್ಲಿ ಎಣಿಸುತ್ತಿದ್ದಾನೆ, ಅದು ಬೇರೆಯವರಿಗೆ ತಿಳಿಯದು, ನಿಮಗೆ ತಿಳಿಯುತ್ತದೆ. ತುಣುಕು ಇಲ್ಲವಾದರೆ ನಿಮ್ಮ ಕಿವಿ ಇದೆ. ಮುಂದಿನ ವಿಚಾರಣೆ ಆಗಸ್ಟ್ ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಕಾರ್ಮಿಕ ಕಚೇರಿಯಲ್ಲಿ. ಅದೇ ಕೊನೆಯದು ಎಂದು ಅಧಿಕಾರಿ ಹೇಳಿದ್ದಾನೆ. ಮರುಕ ಬೇಡ, ನೂರರ ನೋಟು ಬೇಡ. ಬಂದು ನಿಮ್ಮ ಹೆಸರು ಹೇಳಿ, ಮೈಕು ಆನ್ ಇತ್ತು ಎಂದು ಹೇಳಿ, ರುಜು ಹಾಕಿ ಹೋಗಿ. ಎಣಿಸಿದವರು ನೀವು. ಬರುತ್ತೀರೋ ಇಲ್ಲವೋ, ಅದನ್ನು ಹೇಳಿ.